ಮಧ್ಯಾಹ್ನದ ಕುರಿಗಳು

ಸೀಟು ಖಾಲಿ ಇದ್ದರೂ ಕೂಡದ ಪ್ಯಾಸೆಂಜರ್ ಅಂದರೆ ನನ್ನ ಬಸ್ಸಿನಲ್ಲಿ ಅವರೊಬ್ಬರೇ. ಮಾನ್ವಿಯಲ್ಲಿ ಹತ್ತಿದರೆ ದೇವದುರ್ಗ ದಾಟಿ ಜಾಲಹಳ್ಳಿ ಬರುವ ತನಕ ಬಾಗಿಲ ಪಕ್ಕದ ಕಂಬ ಹಿಡಿದು ನಿಂತೇ ಇರುತ್ತಿದ್ದರು. "ಕುಂದರ್ರಿ ಕಾಕಾ, ಇಡೀ ಬಸ್ಸು ಖಾಲಿ ಅದ" ಅಂದರೆ, "ಕುಂತ್ರ ಮಣಕಾಲು ಸುಮ್ಮನಿರಂಗಿಲ್ಲವ್ವಾ" ಅನ್ನುತ್ತಿದ್ದರು. ಮೊಣಕಾಲು ನೋವು ಇರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ನೋವಲ್ಲ. ಒಂದು ದಿನ ಒತ್ತಾಯ ಮಾಡಿ ಕೂಡಿಸಿದಾಗ ಗೊತ್ತಾಯಿತು. ಅವರ ಎಡ ಮೊಣಕಾಲು ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಪಕ್ಕದಲ್ಲಿದ್ದ ಹೆಣ್ಣುಮಗಳ ಬುತ್ತಿ ಚೀಲವೂ ಅದರ ಜೊತೆ ಕುಣಿಯಿತು. ಆಕೆ "ಎದ್ದು ನಿಂದರ್ರಿ ಯಪ್ಪಾ, ನಿಮ್ಮ ಪುಣ್ಯಾದ" ಅಂದಳು. ಅವರು ಬಿಡುಗಡೆಯಾದವರಂತೆ ಎದ್ದರು.

ಅವರು ತೀರಿಕೊಂಡು ವರ್ಷದ ಮೇಲಾಯಿತು. ಮಾನ್ವಿಯಲ್ಲಿ ಅವರ ವೆಲ್ಡಿಂಗ್ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯ ಹುಡುಗನೊಬ್ಬ ತಲೆ ತಗ್ಗಿಸಿ ಕೂತಿರುತ್ತಾನೆ. ಪಾಪ, ಅವನು ಒಳ್ಳೆಯವನೇ. ಆದರೆ ಬಸ್ಸು ಆ ಅಂಗಡಿ ಮುಂದೆ ಹಾಯುವಾಗ ಅಲ್ಲಿ ಒಬ್ಬರು ಅಷ್ಟು ಸುಮ್ಮನೆ ಕೂತಿರುವುದನ್ನು ಕಂಡರೆ ನನಗೆ ಈಗಲೂ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ.

ನಾನು ಕಂಡಕ್ಟರ್. ಅಪ್ಪ ಇದೇ ದಾರಿಯಲ್ಲಿ ಡ್ರೈವರ್ ಆಗಿದ್ದ. ಅವನು ಹೋದ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಈ ನೌಕರಿ ಬಂತು. ನಾನೂ ನಿಂತೇ ದುಡಿಯುವವಳಾದ್ದರಿಂದಲೋ ಏನೋ, ಬಾಗಿಲ ಹತ್ತಿರ ನಿಲ್ಲುವ ಆ ಸಣ್ಣ ಮೈಯ ಮನುಷ್ಯನ ಜೊತೆ ಮಾತು ಬೆಳೆಯಿತು. ಅವರ ಅಂಗಿಯ ಎದೆಯ ಮೇಲೆಲ್ಲ ಕಿಡಿ ಬಿದ್ದು ಸಾಸಿವೆ ಕಾಳಿನಷ್ಟಷ್ಟು ತೂತುಗಳಿರುತ್ತಿದ್ದವು. ಕಣ್ಣು ಯಾವಾಗಲೂ ಕೆಂಪು. ಮಾತಾಡುವಾಗ ಕೈ ನನ್ನ ಬಸ್ಸಿನ ಮೇಲೆ ಓಡಾಡುತ್ತಿತ್ತು. ಸೀಟಿನ ಹಿಡಿಕೆ, ಕಿಟಕಿಯ ಸರಳು, ಮೆಟ್ಟಿಲ ಅಂಚು, ಎಲ್ಲಿ ಕಬ್ಬಿಣಕ್ಕೆ ಕಬ್ಬಿಣ ಕೂಡಿಸಿದ್ದಾರೋ ಅಲ್ಲಿ ಬೆರಳು ನಿಲ್ಲುತ್ತಿತ್ತು. "ಇದು ಬಿಡ್ತದ ನೋಡು" ಅನ್ನುತ್ತಿದ್ದರು. ಕೆಲವು ಬಿಟ್ಟವು. ಹೆಚ್ಚಿನವು ಬಿಡಲಿಲ್ಲ. ಬಿಡದಿದ್ದರೆ ಅವರಿಗೆ ಸಮಾಧಾನವಾಗಬೇಕಿತ್ತು, ಆಗುತ್ತಿರಲಿಲ್ಲ. "ಯಾಕ ಬಿಡವಲ್ದು?" ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು.

ಅವರನ್ನು ಕರೆದೊಯ್ಯುವುದು ಸುಲಭವಿರಲಿಲ್ಲ. ರಸ್ತೆ ಕೆಲಸಕ್ಕೋ, ಎದುರಿನಿಂದ ಬಂದ ಹುಲ್ಲಿನ ಟ್ರ್ಯಾಕ್ಟರಿಗೋ ಬಸ್ಸು ಸ್ವಲ್ಪ ನಿಂತರೆ ಸಾಕು, ಇಳಿದು ನಡೆದುಬಿಡುತ್ತಿದ್ದರು. ದಾರಿ ತೆರವಾಗಿ ಬಸ್ಸು ಹೊರಟ ಮೇಲೆ ಮುಂದೆಲ್ಲೋ ಕಾಲುವೆಯ ಸೇತುವೆ ಹತ್ತಿರ ಸಿಗುತ್ತಿದ್ದರು. ಡ್ರೈವರ್ ಅಣ್ಣ ಬೈಯುತ್ತಲೇ ಬ್ರೇಕು ಹಾಕುತ್ತಿದ್ದ. "ಟಿಕೆಟ್ ಯಾಕ ತಗೋತೀರಿ ಕಾಕಾ, ನಡಕೋಂತನ ಹೋಗ್ರಲ್ಲ" ಅಂದರೆ ಗಂಭೀರವಾಗಿ ಯೋಚಿಸಿ, "ಸಾಮಾನು ಇರ್ತಾವಲ್ಲ" ಅನ್ನುತ್ತಿದ್ದರು.

ಮಾಡುತ್ತಿದ್ದದ್ದು ಎಲ್ಲ ವೆಲ್ಡಿಂಗ್ ಅಂಗಡಿಯವರು ಮಾಡುವಂಥದ್ದೇ. ಗೇಟು, ಕಿಟಕಿಯ ಗ್ರಿಲ್ಲು, ಅಂಗಡಿಯ ಶಟರು, ಟ್ರ್ಯಾಕ್ಟರ್ ಟ್ರಾಲಿ. ಹೇಳಿದ ದಿನಕ್ಕೆ ಕೊಟ್ಟದ್ದು ಕಡಿಮೆ. ಮುಗಿಸಿದ ಗೇಟನ್ನು ಗೋಡೆಗೆ ಆನಿಸಿಟ್ಟು ಅದರ ಮುಂದೆ ಅತ್ತ ಇತ್ತ ಅಡ್ಡಾಡಿ, ಕಡೆಗೆ ಕತ್ತರಿಸಿ ಮತ್ತೆ ಮಾಡುತ್ತಿದ್ದರು. ಗಿರಾಕಿ ಬಂದು "ಹೂವು ಸಣ್ಣದಾತು" ಅಂದರೆ ಬೇಜಾರಿಲ್ಲದೆ ದೊಡ್ಡದು ಮಾಡುತ್ತಿದ್ದರು. ಇನ್ನೊಬ್ಬ ಬಂದು ದೊಡ್ಡದಾತು ಅಂದರೆ ಮತ್ತೆ ಸಣ್ಣದು. ಅವರ ಸ್ವಂತ ಮನೆಯ ಗೇಟಂತೂ ಒಂದು ವರ್ಷ ಇದ್ದದ್ದು ಇನ್ನೊಂದು ವರ್ಷ ಇರುತ್ತಿರಲಿಲ್ಲ. ಹಳೆಯದನ್ನು ಕಿತ್ತು ಹೊಸದು ಹಚ್ಚುವ ನಡುವೆ ತಿಂಗಳುಗಟ್ಟಲೆ ಬಯಲು. ಅವರ ಹೆಂಡತಿ ಒಮ್ಮೆ ತವರಿಗೆ ಹೊರಟವರು ನನ್ನ ಬಸ್ಸಿನಲ್ಲಿ ಹೇಳಿದರು: "ಮಂದಿ ಮನಿಯಾಗ ಕಳ್ಳ ಬಂದಾನ ಅಂತ ಅಂಜತಾರ. ನಾ ಗೇಟು ಹೋಗ್ತದ ಅಂತ ಅಂಜತೀನವ್ವಾ."

ಕಾಕಾನ ಮೂಲ ಜಾಲಹಳ್ಳಿ ಕಡೆಯ ಒಂದು ಹಳ್ಳಿ. ಕುರಿ ಕಾಯುವ ಮನೆತನ. ಚಿಕ್ಕಂದಿನಲ್ಲಿ ಅಪ್ಪನ ಹಿಂಡಿನ ಜೊತೆ ಮಾನ್ವಿಯ ನೀರಾವರಿ ಸೀಮೆಗೆ ನಡೆದು ಬರುತ್ತಿದ್ದರಂತೆ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬುವುದು, ಅಲ್ಲಿಂದ ಮತ್ತೊಂದು ಗದ್ದೆ, ಹಾಗೇ ತಿರುಗುತ್ತ ನದಿಯ ದಂಡೆಗೆ, ಚೀಕಲಪರ್ವಿಯ ತನಕ. ಒಂದು ಮಳೆಗಾಲ ರೋಗ ಬಿದ್ದು ಹಿಂಡೆಲ್ಲ ಹೋಯಿತು. ಅಪ್ಪ ಮಗನ ಕೈ ಹಿಡಿದು ಮಾನ್ವಿಗೆ ಬಂದು ಒಬ್ಬ ಸಾಬರ ವೆಲ್ಡಿಂಗ್ ಅಂಗಡಿಯಲ್ಲಿ ಬಿಟ್ಟ. ಆ ಉಸ್ತಾದರಿಗೆ ಈ ಹುಡುಗನನ್ನು ಕೂಡಿಸುವುದೇ ಒಂದು ಕೆಲಸವಾಯಿತಂತೆ. "ಜರಾ ಬೈಠ್ ರೇ ಬಾವಾ, ಪಾವಾಂ ಮೇ ಕಾಂಟೇ ಹೈ ಕ್ಯಾ? ಅಂತಿದ್ರು. ಕುಂದರೋ, ಕಾಲಾಗ ಮುಳ್ಳು ಅದಾವೇನು ಅಂತ. ಮುಳ್ಳು ಇರಲಿಲ್ಲವ್ವಾ. ಮುಳ್ಳು ಇದ್ದಾಗ ಕುಂದರ್ತಿದ್ದೆ, ತೆಗಿಯಾಕ." ಇದನ್ನು ಹೇಳಿ ಅವರು ನಗಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ದೂರದ ಗದ್ದೆಯಲ್ಲಿ ಒಂದು ಹಿಂಡು ಇತ್ತು.

ಈಗ ಕುರಿಗಳ ವಿಷಯಕ್ಕೆ ಬರುತ್ತೇನೆ.

ನಮ್ಮ ದಾರಿಯಲ್ಲಿ ಮೂರು ರಸ್ತೆ ಕೂಡುವ ಒಂದು ಊರಿದೆ. ಹೆಸರು ಬೇಡ, ಅಲ್ಲಿಯ ಮಂದಿ ದಿನಾ ನನ್ನ ಬಸ್ಸಿಗೆ ಬರುತ್ತಾರೆ. ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ಅಗಲವಾದ ಒಂದು ಕಟ್ಟೆ ಬಹಳ ವರ್ಷಗಳಿಂದ ಖಾಲಿ ಬಿದ್ದಿತ್ತು. ಮೂರ್ತಿ ಕೂಡಿಸಲೆಂದು ಕಟ್ಟಿದ್ದು. ಮೇಲಿನ ಓಣಿಯವರಿಗೆ ಒಬ್ಬರ ಮೂರ್ತಿ ಬೇಕು, ಕೆಳಗಿನ ಓಣಿಯವರಿಗೆ ಇನ್ನೊಬ್ಬರದು. ಮಾತು ಕೈಗೆ ಹೋಗಿ, ಪೊಲೀಸರು ಬಂದು, ಕಡೆಗೆ ಯಾವ ಮೂರ್ತಿಯೂ ಬೇಡವೆಂದಾಗಿತ್ತು. ಹೊಸದಾಗಿ ಬಂದ ಪಂಚಾಯಿತಿಯವರು ಒಂದು ಉಪಾಯ ಹೂಡಿದರು. ಮನುಷ್ಯರೇ ಬೇಡ. ಊರಲ್ಲಿ ಎರಡೂ ಓಣಿಗೆ ಬೇಕಾದದ್ದು ಯಾವುದು? ಕುರಿ. ಎರಡೂ ಕಡೆ ಹಿಂಡುಗಳಿದ್ದವು. ಬೇರೆ ಜಾತಿಯವರ ಹೊಲಕ್ಕೂ ಅದೇ ಗೊಬ್ಬರ. ಹಾಗೆ ಕಬ್ಬಿಣದ ಕುರಿಹಿಂಡು ಮಾಡುವ ಕೆಲಸ ಕಾಕಾನಿಗೆ ಬಂತು.

ಅಲ್ಲಿಂದ ಮುಂದೆ ಕೆಲವು ತಿಂಗಳು ನನ್ನ ಬಸ್ಸಿನಲ್ಲಿ ಕುರಿಗಳ ಕಾಲು, ಕುತ್ತಿಗೆ, ಬೆನ್ನು ಓಡಾಡಿದವು. ಸರಳು ಬಗ್ಗಿಸಿ ಎಲುಬು ಮಾಡಿ, ಅದರ ಮೇಲೆ ಮಾನ್ವಿಯ ಅಕ್ಕಿ ಮಿಲ್ಲುಗಳ ಸವೆದ ಜರಡಿ ತಗಡನ್ನು ಸುತ್ತಿ ಉಣ್ಣೆ ಮಾಡುತ್ತಿದ್ದರು. ಅಂಗಡಿಯಲ್ಲಿ ಮಾಡಿದ್ದನ್ನು ಹೊತ್ತು ತರುವುದು, ದಾರಿಯಲ್ಲಿ ಎಲ್ಲಿ ಹಿಂಡು ಕಂಡರೂ "ಹೋಲ್ಡಾನ್!" ಎಂದು ಕೂಗಿ ಇಳಿಯುವುದು, ನಿಜದ ಕುರಿಯ ಪಕ್ಕದಲ್ಲಿ ಹಿಡಿದು ನೋಡುವುದು. ಕುರಿಗಳು ಬೆದರಿ ಓಡುತ್ತಿದ್ದವು. ಕುರಿಗಾರರು ಬೈಯುತ್ತಿದ್ದರು.

ಮೊದಲ ದಿನ ಒಂದು ತಲೆಯನ್ನು ಮಗುವಿನಂತೆ ತೋಳಲ್ಲಿ ಹಿಡಿದು ಹತ್ತಿದರು. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದ ಮೇಲೆ ನನ್ನ ಬಸ್ಸು ಒಂದು ಸಂತೆ. ಇಡೀ ಸಂತೆ ಆ ತಲೆಯನ್ನೇ ನೋಡಿತು.

"ಜೀವ ಇದ್ದದ್ದಕ್ಕ ಒಂದು ಟಿಕೆಟ್, ಕಬ್ಬಿಣಕ್ಕ ಒಂದು ಟಿಕೆಟ್" ಅಂದೆ. "ಇದು ಯಾವುದು ಕಾಕಾ?"

ಅವರು ತಲೆಯನ್ನು ತಿರುಗಿಸಿ ಅದರ ಮುಖ ನೋಡಿದರು. "ಇನ್ನಾ ಜೀವ ಬಂದಿಲ್ಲವ್ವಾ. ಕಬ್ಬಿಣದ್ದೇ ಹರಿ."

ಎಲ್ಲರೂ ನಕ್ಕರು. ಅವರೇನೂ ತಮಾಷೆ ಮಾಡಿರಲಿಲ್ಲ. ಜೀವ ಬರುತ್ತಿಲ್ಲವೆಂಬುದು ಅವರನ್ನು ಹಗಲೆಲ್ಲ ಕೊರೆಯುತ್ತಿತ್ತು. ಅಂಗಡಿಯ ಮುಂದೆ ಐದಾರು ಕುರಿಗಳು ಸಾಲಾಗಿ ನಿಂತವು. ತಲೆ ಎತ್ತಿ, ಕಿವಿ ಚಾಚಿ, ರಸ್ತೆ ನೋಡುತ್ತ. ನಮಗೆಲ್ಲ ಚಂದ ಕಂಡವು. ಅವರು ಅವುಗಳ ಸುತ್ತ ಸುತ್ತುತ್ತ "ಏನೋ ತಪ್ಪ್ಯಾದ, ಏನೋ ತಪ್ಪ್ಯಾದ" ಅನ್ನುತ್ತಿದ್ದರು. ಗಡ್ಡ ಬೋಳಿಸುವುದು ಬಿಟ್ಟಿದ್ದರು. ಬಸ್ಸಿನಲ್ಲಿ ಕಂಬ ಹಿಡಿದ ಕೈ ಒಂದೇ ಸಮ ತಾಳ ಹಾಕುತ್ತಿತ್ತು.

ತಪ್ಪೇನೆಂದು ಹೇಳಿದವಳು ಒಬ್ಬ ಅಜ್ಜಿ. ಹೆಗಲ ಮೇಲೆ ಕರಿ ಕಂಬಳಿ, ಕುರಿಗಾರರ ಹೆಣ್ಣುಮಗಳು. ದೇವದುರ್ಗದ ಆಸ್ಪತ್ರೆಗೆ ಹೊರಟಿದ್ದಳು. ಇವರು ಅವತ್ತು ಒಂದು ಇಡೀ ಮರಿಯನ್ನೇ ತಂದು ನಡುದಾರಿಯಲ್ಲಿ ನಿಲ್ಲಿಸಿದ್ದರು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ ಕೇಳಿದಳು:

"ಯಾವ ಹೊತ್ತಿನ ಕುರಿಯಪ್ಪಾ ಇದು?"

"ಹೊತ್ತು ಅಂದ್ರ?"

"ಮುಂಜಾನಿದಾದ್ರ ಮೇಯ್ತಿರಬೇಕು. ಸಂಜಿದಾದ್ರ ಹಟ್ಟಿ ಕಡೆ ನಡೀತಿರಬೇಕು. ಮಧ್ಯಾಹ್ನದ್ದಾದ್ರ ತಲಿ ಒಳಗಿಟ್ಟಿರಬೇಕು. ಇದು ಯಾವುದೂ ಮಾಡವಲ್ದು. ಫೋಟೋಕ್ಕ ನಿಂತಾದ."

ಅವರು ಕಂಬ ಬಿಟ್ಟರು. ಹಾಗೇ ಅಜ್ಜಿಯ ಸೀಟಿನ ಪಕ್ಕ, ಬಸ್ಸಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಅವರು ತಾವಾಗಿ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಮರ್ತೆನಲ್ಲ ಯವ್ವಾ" ಅಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳತೊಡಗಿದರು. ನಮ್ಮ ಸೀಮೆಯ ಬಿಸಿಲಿಗೆ ಮಧ್ಯಾಹ್ನ ಗಿಡದ ನೆರಳು ಸಿಗದಿದ್ದರೆ ಕುರಿಗಳು ಗುಂಪಾಗಿ ನಿಂತು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಇಡುತ್ತವೆ. ತನ್ನ ಮೈ ಬಿಸಿಲಿಗೆ, ತಲೆ ಪಕ್ಕದ್ದರ ನೆರಳಿಗೆ. "ಅಪ್ಪ ನನಗೂ ಹೇಳ್ತಿದ್ದ, ನೀನೂ ಇಡು ತಲಿ ಅಂತ. ಕಂಬಳಿ ಹೊತ್ಕೊಂಡು ಕುರಿ ಹೊಟ್ಟಿ ಕೆಳಗ ತಲಿ ಇಟ್ಕೊಂಡು ನಿದ್ದಿ ಮಾಡಿದವ ನಾ. ಅವುಗಳ ಹೊಟ್ಟಿ ಗುಡುಗುಡು ಅನ್ನೋದು ಕೇಳಿಸ್ತಿತ್ತು. ಅದನ್ನ ಮರ್ತು ಫೋಟೋ ಕುರಿ ಮಾಡಿದೆ ನೋಡು."

ಮರುದಿನವೇ ಎಲ್ಲ ಕುರಿಗಳ ಕುತ್ತಿಗೆ ಕತ್ತರಿಸಿದ್ದರು. ಹೊಸದಾಗಿ ಮಾಡಿದರು. ಎಲ್ಲವೂ ದುಂಡಗೆ ನಿಂತು ತಲೆ ಒಳಗಿಟ್ಟಂತೆ. ಸುಟ್ಟ ಎಂಜಿನ್ ಆಯಿಲ್ ಬಳಿದು ಒಣಗಿಸಿ ನಮ್ಮ ಕಡೆಯ ಕುರಿಗಳ ಕರಿ ಬಣ್ಣ ತಂದರು. ದೂರದಿಂದ ನೋಡಿದರೆ ಕಟ್ಟೆಯ ಮೇಲೆ ಒಂದು ಕರಿ ಗುಡ್ಡೆ. ಹತ್ತಿರ ಹೋದರೆ ಅದು ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ನಾನು ಸುಳ್ಳು ಹೇಳುವುದಿಲ್ಲ, ನನಗೆ ಹಾಗೇ ಅನ್ನಿಸಿತು.

ಊರಿಗೆ ಹಾಗನ್ನಿಸಲಿಲ್ಲ. ಕುರಿ ಕೂಡಿಸಿದ ದಿನ ನನ್ನ ಬಸ್ಸು ಆ ಕೂಡುರಸ್ತೆಯಲ್ಲಿ ಸಿಕ್ಕಿಬಿತ್ತು. ಅಷ್ಟು ಮಂದಿ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಮೇಲಿನ ಓಣಿಯ ಕಿರಾಣಿ ಅಂಗಡಿಯವನು.

"ಏನ್ರಿ ಇದು? ಮೂರೂ ರಸ್ತೆಗೆ ಕುರಿ ಕುಂಡಿ! ನಮ್ಮೂರಿಗೆ ಬಂದೋರಿಗೆ ಮೊದಲು ಇದು ಕಾಣ್ಬೇಕೇನ್ರಿ?"

"ನಮ್ಮನ್ನ ಕುರಿಗಳು ಅಂದಂಗ ಆತು" ಅಂದ ಕೆಳಗಿನ ಓಣಿಯ ಒಬ್ಬ. "ತಲಿ ಇಲ್ಲದ ಕುರಿಗಳು."

ಮೂರ್ತಿಯ ಜಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಅವತ್ತು ಒಂದಾಗಿದ್ದರು. ಕಾಕಾ ಕಟ್ಟೆಯ ಮೇಲೆ, ಕುರಿಗಳ ನಡುವೆ ನಿಂತಿದ್ದರು.

"ಮಧ್ಯಾಹ್ನದಾಗ ಕುರಿ ಹಿಂಗ ನಿಂದರ್ತಾವ್ರಿ" ಅಂದರು.

"ಹಂಗಾದ್ರ ಮುಂಜಾನಿ ಕುರಿ ಮಾಡು!"

ಮಂದಿ ಹೋ ಎಂದು ನಕ್ಕರು. ತಲೆಗಳನ್ನು ಕತ್ತರಿಸಿ ರಸ್ತೆಯ ಕಡೆ ತಿರುಗಿಸು, ಇವತ್ತೇ ತಿರುಗಿಸು ಎಂದರು ಪಂಚಾಯಿತಿಯವರೂ. ಗೇಟಿನ ಹೂವನ್ನು ಯಾರು ಹೇಗೆ ಹೇಳಿದರೆ ಹಾಗೆ ಬದಲಿಸುತ್ತಿದ್ದ ಮನುಷ್ಯ. ಈಗಲೂ ಹೂಂ ಅನ್ನುತ್ತಾರೆಂದು ನಾನು ನಿಶ್ಚಿಂತೆಯಿಂದ ಇದ್ದೆ. ಅವರು ಒಂದು ಕುರಿಯ ಬೆನ್ನ ಮೇಲೆ ಕೈ ಇಟ್ಟು, "ತಿರುಗಸಂಗಿಲ್ಲ" ಅಂದರು. ಯಾರೋ ಅವರ ತೋಳು ಹಿಡಿದು ಎಳೆದರು, ಅಂಗಿ ಹರಿಯಿತು. ಡ್ರೈವರ್ ಅಣ್ಣ ಇಳಿದು ಹೋಗಿ ಅವರನ್ನು ಬಸ್ಸಿಗೆ ಕರಕೊಂಡು ಬಂದ.

ದಾರಿಯಲ್ಲಿ ಕೇಳಿದೆ, ಯಾಕೆ ಹಟ ಮಾಡಿದಿರಿ ಅಂತ. "ಗೇಟು ಅವರವರ ಮನಿದು, ಹ್ಯಾಂಗ ಬೇಕಾದ್ರ ಹಂಗ ಮಾಡ್ಕೊಳ್ಳಿ. ಆದ್ರ ಈ ಬಿಸಿಲಾಗ ಯಾವ ಜೀವ ತಲಿ ಎತ್ತಿ ನಿಂದರ್ತದ ಯವ್ವಾ? ನೀ ನಿಂದರ್ತಿ?" ಅಂದರು. ಮಾನ್ವಿ ಮುಟ್ಟುವ ತನಕ ಬಾಗಿಲಿನಿಂದ ಡ್ರೈವರ್ ಸೀಟಿಗೆ, ಅಲ್ಲಿಂದ ಬಾಗಿಲಿಗೆ ಅಡ್ಡಾಡಿದರು.

ಪಂಚಾಯಿತಿಯವರು ಕುರಿಗಳ ಮೇಲೆ ನೀಲಿ ತಾಡಪಾಲು ಹೊದಿಸಿ ಹಗ್ಗ ಬಿಗಿದರು. ಚಳಿಗಾಲವೆಲ್ಲ ಹಾಗೇ ಇತ್ತು. ಆ ಊರು ಬಂದಾಗ ಅವರು ಬಸ್ಸಿನ ಇನ್ನೊಂದು ಬದಿಗೆ ಮುಖ ತಿರುಗಿಸುತ್ತಿದ್ದರು. ಮಾತು ಕಡಿಮೆಯಾಯಿತು. ಕೆಮ್ಮು ಶುರುವಾದದ್ದು ಆಗಲೇ.

ಬೇಸಿಗೆ ಬಂತು. ರಾಯಚೂರು ಸೀಮೆಯ ಬೇಸಿಗೆ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಗೊತ್ತು. ಬಸ್ಸಿನ ಸರಳು ಮುಟ್ಟಿದರೆ ಬೊಬ್ಬೆ ಏಳುತ್ತದೆ. ಆ ಕೂಡುರಸ್ತೆಯಲ್ಲಿ ಒಂದು ಗಿಡವೂ ಇಲ್ಲ. ಮಂದಿ ಸೆರಗು, ಟವೆಲ್ಲು ತಲೆಗೆ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಬಸ್ಸು ಅಲ್ಲಿ ನಿಂತಾಗ ಒಬ್ಬ ಬಸುರಿ ಹೆಣ್ಣುಮಗಳು ತಲೆ ತಿರುಗಿ ಕಟ್ಟೆಗೆ ಒರಗಿ ಕುಸಿದಳು. ನಾವು ನೀರು ಹಿಡಿದು ಓಡಿದೆವು. ಕಾಕಾ ಕೂಡ ಇಳಿದರು. ಆಕೆಯ ಕಡೆ ಒಮ್ಮೆ ನೋಡಿ, ಕಟ್ಟೆ ಹತ್ತಿ, ತಾಡಪಾಲಿನ ಹಗ್ಗ ಕೊಯ್ದು ಎಳೆದರು. ಒಂದು ತುದಿಯನ್ನು ಲೈಟಿನ ಕಂಬಕ್ಕೆ, ಇನ್ನೊಂದನ್ನು ಬೋರ್ಡಿನ ಕಂಬಕ್ಕೆ ಕಟ್ಟಿ, ಮೂರನೆಯದನ್ನು ನನ್ನ ಬಸ್ಸಿನ ಏಣಿಗೇ ಕಟ್ಟಿದರು. ಹೆಣ್ಣುಮಗಳನ್ನು ಕುರಿಗಳ ನಡುವೆ ಮಲಗಿಸಿದೆವು. ಆಕೆ ಸುಧಾರಿಸಿಕೊಳ್ಳುವ ತನಕ ಬಸ್ಸು ಹೊರಡುವಂತಿರಲಿಲ್ಲ, ಕಟ್ಟಿ ಹಾಕಿದ್ದರಲ್ಲ. ಕಿರಾಣಿ ಅಂಗಡಿಯವನು ಓಡಿ ಬಂದವನು ಬೈಯಲು ಬಾಯಿ ತೆರೆದು, ಹೆಣ್ಣುಮಗಳನ್ನು ನೋಡಿ, ತಿರುಗಿ ಹೋಗಿ ಒಂದು ಬಿದಿರಿನ ಗಳ ತಂದು ಕೊಟ್ಟ.

ತಾಡಪಾಲು ಆಮೇಲೆ ಕೆಳಗಿಳಿಯಲಿಲ್ಲ. ವಾರದೊಳಗೆ ಅವರು ನಾಲ್ಕು ಕಂಬ ನೆಟ್ಟು ತಗಡಿನ ಚಪ್ಪರ ಹಾಕಿದರು. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಆಮೇಲೆ ಕುರಿಗಳು ನಿಧಾನವಾಗಿ ಊರಿನವಾದವು. ಹೆಂಗಸರು ಬೆನ್ನ ಮೇಲೆ ಗಂಟು ಇಟ್ಟರು. ಮುದುಕರು ಒರಗಿದರು. ಮಕ್ಕಳು ಸವಾರಿ ಮಾಡಿದರು. "ಕುರಿಕಟ್ಟಿಗೆ ಒಂದು ಕೊಡ್ರಿ" ಎಂದು ಪ್ಯಾಸೆಂಜರುಗಳು ಸ್ಟಾಪಿಗೇ ಹೊಸ ಹೆಸರಿಟ್ಟರು. ಕುಂಡಿಯ ಮಾತು ಯಾರೂ ಎತ್ತಲಿಲ್ಲ.

ಇಲ್ಲಿಗೆ ಸುಖವಾಗಬೇಕಿತ್ತು. ಬೇರೆ ಯಾರಿಗಾದರೂ ಆಗುತ್ತಿತ್ತು.

ಒಂದು ದಿನ ಅವರು ಕೈಯಲ್ಲಿ ಕಟಿಂಗ್ ಮಷಿನ್ ಹಿಡಿದು ಬಸ್ಸು ಹತ್ತಿದರು. ಕುರಿಕಟ್ಟಿಗೆ ಟಿಕೆಟ್ ಕೇಳಿದರು.

"ಏನು ಕೆಲಸ ಕಾಕಾ?"

"ತಲಿ ಎತ್ತಬೇಕು."

ನನಗೆ ಅರ್ಥವಾಗಲಿಲ್ಲ. ಅವರು ತಾಳ್ಮೆಗೆಟ್ಟು ಹೇಳಿದರು: "ಬಿಸಿಲಿಗಂತ ಅವು ತಲಿ ಒಳಗಿಟ್ಟಿದ್ವು. ಈಗ ನಾನೇ ಮ್ಯಾಲ ನೆರಳು ಮಾಡೀನಿ. ನೆರಳಾಗ ಕುರಿ ಯಾಕ ತಲಿ ಒಳಗಿಡತದ? ಸುಳ್ಳು ಆತಲ್ಲವ್ವಾ. ನಾನೇ ನನ್ನ ಕೈಲೆ ಸುಳ್ಳು ಮಾಡಿದೆ."

ಕುರಿಕಟ್ಟಿಯಲ್ಲಿ ಇಳಿದು ಅಲ್ಲಿಯೂ ಅದನ್ನೇ ಹೇಳಿದರು. ಮಷಿನ್ ಕೆಳಗಿಡುವ ಮೊದಲೇ ಕಟ್ಟೆಯ ಮೇಲಿದ್ದವರು ಎದ್ದರು. ಕಿರಾಣಿ ಅಂಗಡಿಯವನು ಒಂದು ಕುರಿಯ ಮೇಲೆ ಕಾಲು ಹಾಕಿ ಕೂತೇ ಬಿಟ್ಟ. "ಇದು ನಂದು. ದಿನಾ ಚಾ ಕುಡದು ಇದರ ಮ್ಯಾಲ ಕುಂದರ್ತೀನಿ. ಮುಟ್ಟು ನೋಡೂಣು."

"ನೀನ ಅಂದಿದ್ದೆಲ್ಲೋ ತಲಿ ತಿರುಗಸು ಅಂತ!"

"ಅಂದಿದ್ದೆ. ಈಗ ಬ್ಯಾಡ ಅನ್ನಾಕತ್ತೀನಿ."

ಕಾಕಾ ಅದೇ ಬಸ್ಸಿಗೆ ವಾಪಸು ಹತ್ತಿದರು. ನನಗೆ ನಗು ತಡೆಯಲಾಗಲಿಲ್ಲ, ಆದರೆ ಅವರ ಮುಖ ನೋಡಿ ನಗು ನುಂಗಿದೆ. ಜಗತ್ತಿನಲ್ಲಿ ಅವರೊಬ್ಬರಿಗೆ ಮಾತ್ರ ಕಾಣುವ ಸುಳ್ಳು ಅದು. ಅದಕ್ಕೇ ಯಾರೂ ಸಮಾಧಾನ ಹೇಳುವಂತಿರಲಿಲ್ಲ. ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಹೊತ್ತು ತಿರುಗಿದರು. ಬಸ್ಸಿನಲ್ಲಿ ಹಿಂಡು ಕಂಡರೆ ಮೊದಲಿನಂತೆ ಇಳಿಯುತ್ತಿರಲಿಲ್ಲ. ಕೆಮ್ಮಿಗೆ ಹೊಟ್ಟೆ ಹಿಡಿದುಕೊಂಡು ಬಾಗುತ್ತಿದ್ದರು. ಬೇಸಿಗೆ ಮತ್ತೆ ಬರುವಷ್ಟರಲ್ಲಿ ರಾಯಚೂರಿನ ಆಸ್ಪತ್ರೆ ಸೇರಿದರು. ಪುಪ್ಪುಸದಲ್ಲಿ ವರ್ಷಗಟ್ಟಲೆ ಕುಡಿದ ಹೊಗೆಯಿತ್ತಂತೆ.

ಅದೇ ವಾರ ನಾನು ಕುರಿಕಟ್ಟಿಯಲ್ಲಿ ಒಂದು ನೋಟ ಕಂಡೆ. ಮಾನ್ವಿಯ ಗದ್ದೆಗಳಿಂದ ತಿರುಗಿ ಹೊರಟ ಒಂದು ಹಿಂಡು ಸುಡುವ ಮಧ್ಯಾಹ್ನ ಅಲ್ಲಿಗೆ ಬಂತು. ಕಾಯುವವನು ತಡೆಯುವ ಮೊದಲೇ ಕುರಿಗಳು ಕಟ್ಟೆಗೆ ಹಾರಿ ಚಪ್ಪರದ ಕೆಳಗೆ ನುಗ್ಗಿದವು. ಕಬ್ಬಿಣದ ಕುರಿಗಳ ಸುತ್ತ ಒತ್ತಿ ನಿಂತು, ಅವುಗಳ ಹೊಟ್ಟೆಯ ಕೆಳಗೇ ತಲೆ ಇಟ್ಟವು. 'ನೆರಳಿನಲ್ಲೂ!' ಅಂದುಕೊಂಡೆ. ಡ್ರೈವರ್ ಅಣ್ಣ "ಟೈಮ್ ಆತು" ಎಂದು ಹಾರ್ನ್ ಒತ್ತುತ್ತಿದ್ದರೂ ಇಳಿದು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ.

ಡ್ಯೂಟಿ ಮುಗಿಸಿ ನೇರ ರಾಯಚೂರಿಗೆ ಹೋದೆ. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿ ಮಲಗಿಸಿದ್ದರು. ಹೊದಿಕೆಯ ಕೆಳಗೆ ಕಾಲು ಅಲ್ಲಾಡುತ್ತಲೇ ಇತ್ತು. ಬೆರಳು ಮಂಚದ ಅಂಚಿನ ವೆಲ್ಡಿಂಗ್ ಮೇಲೆ. ಪಕ್ಕದಲ್ಲಿ ಕೂತ ಅವರ ಹೆಂಡತಿ, "ಡಾಕ್ಟರ್ ಸುಮ್ಮನ ಮಲಗು ಅಂದಾರ. ಸುಮ್ಮನ ಅಂದ್ರ ಏನು ಅಂತ ಇವರಿಗೆ ಯಾರು ಹೇಳ್ಬೇಕವ್ವಾ" ಅಂದರು.

ವಿಡಿಯೋ ಹಚ್ಚಿ ಅವರ ಮುಖದ ಮುಂದೆ ಹಿಡಿದೆ. "ನೋಡ್ರಿ ಕಾಕಾ. ಚಪ್ಪರದ ಕೆಳಗೂ ತಲಿ ಒಳಗ ಇಟ್ಟಾವ. ನೀವು ಮಾಡಿದ್ದು ಸುಳ್ಳಲ್ಲ."

ನೋಡಿದರು. ಮತ್ತೆ ಹಚ್ಚೆಂದು ಸನ್ನೆ ಮಾಡಿದರು. ಮತ್ತೆ ನೋಡಿದರು. ಕಣ್ಣು ತುಂಬಿತು. ಅಂತೂ ಈ ಮನುಷ್ಯನಿಗೆ ನೆಮ್ಮದಿ ತಂದು ಕೊಟ್ಟೆನೆಂದುಕೊಂಡೆ.

"ಯಾಕ ಇಟ್ಟಾವ?" ಅಂದರು.

"ಅವಕ್ಕ ರೂಢಿ ಇರಬೇಕು ಕಾಕಾ."

"ರೂಢಿ ಅಲ್ಲ." ಏಳಲು ನೋಡಿದರು. ಹೆಂಡತಿ ಎದೆ ಮೇಲೆ ಕೈ ಇಟ್ಟು ಮಲಗಿಸಿದರು. "ತಗಡು ಕಾದಾದ. ಮ್ಯಾಲಿಂದ ಬೆಂಕಿ ಇಳಿಯಾಕತ್ತದ. ಅದಕ್ಕ ತಲಿ ಇಟ್ಟಾವ. ನಾ ನೆರಳು ಮಾಡೀನಿ ಅಂದ್ಕೊಂಡಿದ್ದೆ, ಒಲಿ ಮಾಡೀನಿ. ಮಂದಿ ಅದರ ಕೆಳಗ ಕುಂದರ್ತಾರ, ಕೂಸು ಕುಂದರ್ತಾವ." ಉಸಿರು ಸಾಲದೆ ನಿಂತು ನಿಂತು ಹೇಳಿದರು. "ಹುಲ್ಲು ಹೊದಿಸಬೇಕು. ಭತ್ತದ ಹುಲ್ಲು. ದಪ್ಪಗ. ಬಿಗಿ ಕಟ್ಟಬ್ಯಾಡ್ರಿ, ಗಾಳಿ ಆಡ್ಲಿ. ನನ್ನ ಚಪ್ಪಲಿ ಎಲ್ಲವ?"

ಚಪ್ಪಲಿಯನ್ನು ಹೆಂಡತಿ ಮಂಚದ ಕೆಳಗಿನಿಂದ ಎತ್ತಿ ಸೀರೆಯ ನೆರಿಗೆಯ ಹಿಂದೆ ಬಚ್ಚಿಟ್ಟುಕೊಂಡರು. ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೆ. ಸಾಯುವ ಮನುಷ್ಯನಿಗೆ ಶಾಂತಿ ಕೊಡಲು ಹೋಗಿ ಇನ್ನೊಂದು ಕೆಲಸ ಕೊಟ್ಟು ಬಂದಿದ್ದೆ.

ಕೆಲವೇ ದಿನಕ್ಕೆ ಹೋದರು. ಜಾಲಹಳ್ಳಿ ಕಡೆಯ ಅವರ ಹಳ್ಳಿಯಲ್ಲೇ ಮಣ್ಣು ಮಾಡಬೇಕೆಂದು ಗೂಡ್ಸ್ ಗಾಡಿಯಲ್ಲಿ ಒಯ್ದರು. ನಾನು ರಜೆ ಹಾಕಿ ಜೊತೆಗೆ ಹೋಗಿದ್ದೆ. ಕುರಿಕಟ್ಟಿಯಲ್ಲಿ ಎರಡೂ ಓಣಿಯವರು ಹಾರ ಹಿಡಿದು ಗಾಡಿ ತಡೆದರು. ಸ್ವಲ್ಪ ಹೊತ್ತು ಇಲ್ಲಿ ಇಳಿಸಿ ಎಂದು ಕೇಳಿದರು. ಅವರ ಹೆಂಡತಿ ಕಣ್ಣೊರೆಸಿಕೊಂಡು, "ಹಾರ ಹಾಕ್ರಿ, ಇಳಸಬ್ಯಾಡ್ರಿ ಯಪ್ಪಾ. ಗಾಡಿ ನಿಂತ್ರ ಅವರಿಗೆ ತಡಿಯಂಗಿಲ್ಲ" ಅಂದರು. ಅಳುತ್ತಿದ್ದವರು ಅಳುತ್ತಲೇ ನಕ್ಕರು.

ಹುಲ್ಲಿನ ಮಾತನ್ನು ನಾನು ಕುರಿಕಟ್ಟಿಯವರಿಗೆ ಹೇಳಿದೆ. ತಗಡಿನ ಮೇಲೆ ಹುಲ್ಲೇ? ಬೀಡಿ ಕಿಡಿ ಬಿದ್ದರೆ? ದನ ಎಳೆದರೆ? ಹದಿನೈದು ದಿನ ವಾದ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಮಾನ್ವಿ ಕಡೆಯಿಂದ ಟ್ರ್ಯಾಕ್ಟರ್ ತುಂಬ ಹುಲ್ಲು ಬಂತು. ಹೊದಿಸಿದರು. ಕೆಳಗೆ ತಂಪಾಯಿತು. ಆದರೆ ಆಡುಗಳು ಕಟ್ಟೆ ಹತ್ತಿ ಅಂಚಿನ ಹುಲ್ಲು ಎಳೆದು ತಿಂದವು. ಮಳೆಗೆ ಉಳಿದದ್ದು ಕೊಳೆಯಿತು. ಈ ಬೇಸಿಗೆ ಮತ್ತೆ ತಗಡು ಬತ್ತಲೆ.

ಹೋದ ವಾರ ನನ್ನ ಬಸ್ಸು ಅಲ್ಲಿ ನಿಂತಾಗ ಚಪ್ಪರದ ಮೇಲೆ ಇಬ್ಬರು ಹತ್ತಿದ್ದರು. ಮೇಲಿನ ಓಣಿಯ ಕಿರಾಣಿ ಅಂಗಡಿಯವನು, ಕೆಳಗಿನ ಓಣಿಯ ಇನ್ನೊಬ್ಬ. ಹೊಸ ಹುಲ್ಲು ಅರ್ಧ ಹೊದಿಸಿದ್ದರು. ಬೆವರು ಸುರಿಸುತ್ತ ಜಗಳಾಡುತ್ತಿದ್ದರು. ನನ್ನನ್ನು ಕಂಡದ್ದೇ ಅಂಗಡಿಯವನು ಮೇಲಿಂದ ಕೂಗಿದ:

"ಕಂಡಕ್ಟರಮ್ಮಾ, ನೀವ ಹೇಳ್ರಿ. ಬಿಗಿ ಕಟ್ರಿ ಅಂದಿದ್ರೋ, ಬಿಗಿ ಕಟ್ಟಬ್ಯಾಡ್ರಿ ಅಂದಿದ್ರೋ?"

"ಬಿಗಿ ಕಟ್ಟಬ್ಯಾಡ್ರಿ, ಗಾಳಿ ಆಡ್ಲಿ ಅಂದಿದ್ರು" ಎಂದು ಕೂಗಿದೆ.

ಅವನು ಸೊಂಟದ ಮೇಲೆ ಕೈ ಇಟ್ಟು ತನ್ನ ಹಿಂದಿನ ಸಾಲುಗಳನ್ನೆಲ್ಲ ಒಮ್ಮೆ ನೋಡಿದ. ಡ್ರೈವರ್ ಅಣ್ಣ ಗೇರು ಹಾಕಿದ. ಬಸ್ಸು ತಿರುವಿಗೆ ಬಂದಾಗ ಹಿಂದಕ್ಕೆ ಬಾಗಿ ನೋಡಿದೆ. ಆ ಸುಡುವ ಬಿಸಿಲಲ್ಲಿ ಅವನು ಮೊಣಕಾಲೂರಿ, ಬೆಳಗಿನಿಂದ ಬಿಗಿದ ಹಗ್ಗವನ್ನೆಲ್ಲ ಮೊದಲ ಗಂಟಿನಿಂದ ಬಿಚ್ಚತೊಡಗಿದ್ದ.